ಮೊದಲು ನೀರೆಷ್ಟಿದೆ ಹೇಳಿ, ಆಮೇಲೆ ಫ್ಲೋರಿನೇಷನ್ ಮಾತು

"ಸಾರ್, ಆ ಪೇಪರ್ ಬೋಗಸ್ ಸಾರ್" ಅನ್ನೋ ಫೋನು ನಂಗೆ ಹೆಚ್ಚಾಗಿ ಬರೋದು ಜೂನ್ ಆದ್ಮೇಲೆ. ಕಥೆ ಪ್ರತಿ ಸಲ ಒಂದೇ. ಯಾರೋ ಒಂದು ಹೊಸ ಫ್ಲೋರಿನೇಷನ್ (ಅಣುವಿಗೆ ಫ್ಲೋರಿನ್ ಸೇರಿಸೋದು) ಪೇಪರ್ ಓದಿರ್ತಾರೆ, ಕ್ಲೈಂಟ್‌ಗೆ ಆಗ್ಲೇ ಡೇಟ್ ಕೊಟ್ಟಾಗಿರತ್ತೆ, ಫ್ಲೋರಿನ್ ಕೊಡೋ ಉಪ್ಪು ಸೀಸಿಯಂ ಫ್ಲೋರೈಡ್ ತರಿಸಿ ಒಂದು ವಾಯಲ್‌ಗೆ ಹಾಕಿ ರಾತ್ರಿಯಿಡೀ ತಿರುಗಿಸಿ ಬೆಳಿಗ್ಗೆ ಎಲ್‌ಸಿಎಂಎಸ್ (ಮಿಶ್ರಣದಲ್ಲಿ ಏನೇನಿದೆ ಅಂತ ತೋರಿಸೋ ಯಂತ್ರ) ನೋಡಿದ್ರೆ ಅರ್ಧ ಸ್ಟಾರ್ಟಿಂಗ್ ಮೆಟೀರಿಯಲ್ ಹಂಗೇ ಕೂತಿರತ್ತೆ, ಉಳಿದಿದ್ದರಲ್ಲಿ ದೊಡ್ಡ ಪೀಕು, ಫ್ಲೋರಿನ್ ಕೂರಬೇಕಾದ ಜಾಗಕ್ಕೆ ನೀರು ನುಗ್ಗಿದಾಗ ಆಗೋ ಫೀನಾಲ್‌ದು. ನಾನು ಕೇಳೋದು ಒಂದೇ ಪ್ರಶ್ನೆ, ನಿಮ್ಮ ಫ್ಲೋರೈಡ್‌ನಲ್ಲಿ ನೀರು ಎಷ್ಟಿತ್ತು? ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಬಾಟ್ಲಿ ಮೇಲೆ ಅನ್‌ಹೈಡ್ರಸ್, ನೀರಿಲ್ಲದ್ದು, ಅಂತ ಇದೆಯಲ್ಲ ಸಾರ್". ಅದು ಬಾಟ್ಲಿ ಫ್ಯಾಕ್ಟರಿ ಬಿಟ್ಟ ದಿನದ ವಿಷ್ಯ ಕಣಪ್ಪ. ನೀನು ಮುಚ್ಚಳ ತೆಗೆದಿದ್ದು ಯಾವತ್ತು, ಎಷ್ಟು ಸಲ, ಎಲ್ಲಿ ನಿಂತು ತೂಕ ಮಾಡಿದೆ, ಅದು ಹೇಳು.

ಹ್ಯಾಲೆಕ್ಸ್, ಬಾಲ್ಜ್-ಷೀಮಾನ್, ಡಾಸ್ಟ್ ಇವೆಲ್ಲ ಫ್ಲೋರಿನ್ ಸೇರಿಸೋ ಹಳೇ ದಾರಿಗಳು, ಇಲ್ಲಿ ಬಿಡಿಸಿ ಹೇಳೋಕೆ ಹೋಗಲ್ಲ, ಈ ಕೆಲ್ಸದಲ್ಲಿರೋರಿಗೆ ಗೊತ್ತು. ಮಾರ್ಕೆಟ್‌ನಲ್ಲಿರೋ ಔಷಧಿಗಳಲ್ಲಿ ಸುಮಾರು ಐದಕ್ಕೆ ಒಂದರಲ್ಲಿ ಫ್ಲೋರಿನ್ ಇದೆ ಅನ್ನೋದನ್ನ ಎಲ್ರೂ ಮೊದಲ್ನೇ ಸ್ಲೈಡ್‌ನಲ್ಲೇ ಹಾಕ್ತಾರೆ. ಎರಡನೇ ಸ್ಲೈಡ್‌ನಲ್ಲಿ ನೀರಿನ ಲೆಕ್ಕ ಹಾಕಿದೋರನ್ನ ನಾನು ನೋಡಿದ್ದು ಕಮ್ಮಿ.

ಲೆಕ್ಕ ಅಂದ್ರೆ ದೊಡ್ಡದೇನಲ್ಲ. ಫ್ಲೋರೈಡ್ ಅಯಾನು ತೀರಾ ಚಿಕ್ಕದು, ಚಾರ್ಜ್ ಎಲ್ಲ ಒಂದೇ ಕಡೆ ಒತ್ತಿಕೊಂಡಿರತ್ತೆ, ಹಾಗಾಗಿ ನೀರು ಸಿಕ್ರೆ ಬಿಡಲ್ಲ. ಅದನ್ನ ನೀರಿಂದ ಪೂರ್ತಿ ಬಿಡಿಸಬೇಕು ಅಂದ್ರೆ ಒಂದು ಮೋಲ್‌ಗೆ ಸುಮಾರು 500 ಕಿಲೋಜೂಲ್ ಬೇಕು, ಕ್ಲೋರೈಡ್, ಬ್ರೋಮೈಡ್ ಯಾವುದಕ್ಕೂ ಇಷ್ಟಿಲ್ಲ. ನೀರಿನ ಅಣುಗಳು ಸುತ್ತ ಕೂತಿರೋ ಫ್ಲೋರೈಡ್ ನಿಮ್ಮ ಕಾರ್ಬನ್ ಹತ್ರ ಹೋಗೋದೇ ಇಲ್ಲ. ಈಗ ಅಂಗಡಿಯಲ್ಲಿ ಸಿಗೋ ಟಿಬಿಎಎಫ್, ಅಂದ್ರೆ ಟೆಟ್ರಾಬ್ಯೂಟೈಲ್ ಅಮೋನಿಯಂ ಫ್ಲೋರೈಡ್, ತಗೊಳ್ಳಿ, ಟಿಎಚ್‌ಎಫ್ ಅನ್ನೋ ಸಾಲ್ವೆಂಟ್‌ನಲ್ಲಿ 1 ಮೋಲಾರ್ (ಲೀಟರ್‌ಗೆ ಒಂದು ಮೋಲ್) ದ್ರಾವಣ. ಅದ್ರಲ್ಲಿ ತೂಕದ ಲೆಕ್ಕದಲ್ಲಿ 5 ಪರ್ಸೆಂಟ್ ನೀರು ಇರತ್ತೆ ಅಂತ ಕ್ಯಾಟಲಾಗೇ ಹೇಳತ್ತೆ. ಒಂದು ಲೀಟರ್ ಸುಮಾರು 900 ಗ್ರಾಂ ತೂಗತ್ತೆ, ಅದರ 5 ಪರ್ಸೆಂಟ್ ಅಂದ್ರೆ 45 ಗ್ರಾಂ, ಅಂದ್ರೆ ಎರಡೂವರೆ ಮೋಲ್ ನೀರು. ಫ್ಲೋರೈಡ್ ಇರೋದು ಒಂದು ಮೋಲ್. ಇನ್ನು ವಾಯಲ್‌ನಲ್ಲಿ 50 ಮಿಲಿಗ್ರಾಂ ಸೀಸಿಯಂ ಫ್ಲೋರೈಡ್ ಹಾಕಿದ್ರಿ ಅನ್ಕೊಳ್ಳಿ, ಅದಕ್ಕೆ ಸರಿಸಮ ಮೋಲ್ ನೀರು ಅಂದ್ರೆ ಬರೀ 6 ಮಿಲಿಗ್ರಾಂ, ಒಂದು ಹನಿಯ ಕಾಲು ಭಾಗವೂ ಇಲ್ಲ! ಮಳೆಗಾಲದಲ್ಲಿ ಡಬ್ಬಿ ಮುಚ್ಚಳ ಹಾಕದೆ ಬಿಟ್ಟ ಹಪ್ಪಳ ಏನಾಗತ್ತೋ ಸೀಸಿಯಂ ಫ್ಲೋರೈಡೂ ಅದೇ ಆಗತ್ತೆ, ಇನ್ನೂ ಬೇಗ.

ಇಷ್ಟು ಹೇಳಿದ್ಮೇಲೆ ಹುಡುಗ್ರು ಮಾಡೋ ಮುಂದಿನ ಕೆಲ್ಸ ಮೂರು ನೀರಿನಣು ಅಂಟಿರೋ ಟಿಬಿಎಎಫ್ ಟ್ರೈಹೈಡ್ರೇಟ್‌ನ ವ್ಯಾಕ್ಯೂಮ್‌ನಲ್ಲಿಟ್ಟು ಬಿಸಿ ಮಾಡೋದು. ದಯವಿಟ್ಟು ಬೇಡ. ನೀರು ಹೋಗ್ತಾ ಹೋಗ್ತಾ ಫ್ಲೋರೈಡ್ ಜೋರಾದ ಬೇಸ್ ಆಗತ್ತೆ, ತನ್ನದೇ ಬ್ಯೂಟೈಲ್ ಗುಂಪಿನ ಹೈಡ್ರೋಜನ್ ಕಿತ್ಕೊಳ್ಳತ್ತೆ, ಕೊನೆಗೆ ನಿಮ್ಮ ಫ್ಲಾಸ್ಕ್‌ನಲ್ಲಿ ಉಳಿಯೋದು ಟ್ರೈಬ್ಯೂಟೈಲ್ ಅಮೀನು ಮತ್ತೆ ಬೈಫ್ಲೋರೈಡು, ಬ್ಯೂಟೀನ್ ಗಾಳಿಗೆ. ಇದು ಎಂಬತ್ತರ ದಶಕದಿಂದ ಗೊತ್ತಿರೋ ವಿಷ್ಯ, ಆದ್ರೂ ನಿಲ್ಲಲ್ಲ. ಇದಕ್ಕೆ 2005ರಲ್ಲಿ ಡಿಮ್ಯಾಗ್ನೋ ಅವರ ಗುಂಪು ತೋರಿಸಿದ ದಾರಿ ನಂಗೆ ಇವತ್ತಿಗೂ ಇಷ್ಟ: ಒದ್ದೆ ಫ್ಲೋರೈಡ್ ಒಣಗಿಸೋ ಗೋಜಿಗೇ ಹೋಗದೆ, ಹೆಕ್ಸಾಫ್ಲೋರೋಬೆಂಜೀನ್ ಜೊತೆ ಟೆಟ್ರಾಬ್ಯೂಟೈಲ್ ಅಮೋನಿಯಂ ಸಯನೈಡ್ ಸೇರಿಸಿ ಒಣ ಟಿಬಿಎಎಫ್‌ನ ಅಲ್ಲೇ ಹುಟ್ಟಿಸೋದು. ಸಯನೈಡ್ ಅಂದ ತಕ್ಷಣ ಪ್ಲಾಂಟ್‌ನೋರು ಎದ್ದು ಹೋಗ್ತಾರೆ, ಅವರದ್ದೂ ತಪ್ಪಲ್ಲ. ಆಮೇಲೆ 2015ರಲ್ಲಿ ಮಿಷಿಗನ್‌ನ ಸ್ಯಾನ್‌ಫೋರ್ಡ್ ಗುಂಪು ಟೆಟ್ರಾಮೀಥೈಲ್ ಅಮೋನಿಯಂ ಫ್ಲೋರೈಡ್ ಬಳಸಿ ರೂಮ್ ಟೆಂಪರೇಚರ್‌ನಲ್ಲೇ ಅರೈಲ್ ಕ್ಲೋರೈಡನ್ನ (ಬೆಂಜೀನ್ ತರದ ಉಂಗುರಕ್ಕೆ ಕ್ಲೋರಿನ್ ಸೇರಿರೋದು) ಫ್ಲೋರೈಡ್ ಮಾಡಿ ತೋರಿಸ್ತು. ಮೀಥೈಲ್‌ನಲ್ಲಿ ಹಾಗೆ ಕಿತ್ಕೊಳ್ಳೋಕೆ ಬೀಟಾ ಹೈಡ್ರೋಜನ್ನೇ ಇಲ್ಲ, ಹಾಗಾಗಿ ಆ ಉಪ್ಪನ್ನ ನಿಜವಾಗ್ಲೂ ಒಣಗಿಸಬಹುದು.

ಹಾಗಾದ್ರೆ ಪೂರ್ತಿ ಒಣಗಿಸಿಬಿಟ್ರೆ ಮುಗೀತಾ ಅಂದ್ರೆ ಅದೂ ಇಲ್ಲ, ಮತ್ತೆ ನಾನು ಎಷ್ಟು ಸಲ ಹೇಳಿದ್ರೂ ತಲೆಗೆ ಹೋಗದೆ ಇರೋದು ಇದೇ. ಬರೀ ಮೈ ಫ್ಲೋರೈಡ್‌ಗೆ ಕಾರ್ಬನ್‌ಗಿಂತ ಹೈಡ್ರೋಜನ್ ಮೇಲೇ ಆಸೆ ಜಾಸ್ತಿ. ನಿಮ್ಮ ಸಬ್‌ಸ್ಟ್ರೇಟ್, ಅಂದ್ರೆ ಫ್ಲೋರಿನ್ ಸೇರಿಸಬೇಕಾದ ಅಣು, ಅಲ್ಕೈಲ್ ಆಗಿದ್ರೆ ಎಲಿಮಿನೇಷನ್ ಆಗಿ, ಅಂದ್ರೆ ಹೈಡ್ರೋಜನ್ ಕಿತ್ತುಹೋಗಿ, ಫ್ಲೋರಿನ್ ಸೇರೋ ಬದಲು ಆಲ್ಕೀನ್ ಕೈಗೆ ಬರತ್ತೆ. 2006ರಲ್ಲಿ ಕೊರಿಯಾದ ಡಿ.ಡಬ್ಲ್ಯು. ಕಿಮ್ ಮತ್ತವರ ಜೊತೆಯೋರು ಟರ್ಷಿಯರಿ ಬ್ಯೂಟನಾಲ್ ತರದ ಆಲ್ಕೋಹಾಲನ್ನೇ ಸಾಲ್ವೆಂಟ್ ಆಗಿ ಹಾಕಿ ಫ್ಲೋರಿನೇಷನ್ ಚೆನ್ನಾಗಿ ನಡೆಯತ್ತೆ ಅಂತ ತೋರಿಸಿದಾಗ ತುಂಬಾ ಜನ ಹುಬ್ಬೇರಿಸಿದ್ರು, ಆಲ್ಕೋಹಾಲೂ ನೀರಿನ ಹಾಗೆ ಫ್ಲೋರೈಡನ್ನ ಕಟ್ಟಿಹಾಕತ್ತೆ ಅನ್ನೋ ಟೆಕ್ಸ್ಟ್‌ಬುಕ್ ಮಾತಿಗೆ ಪೂರ್ತಿ ಉಲ್ಟಾ ಅದು. ಆದ್ರೆ ಯೋಚ್ನೆ ಮಾಡಿ, ದಪ್ಪ ಮೈಯ ಆಲ್ಕೋಹಾಲ್ ಅಣು ಫ್ಲೋರೈಡನ್ನ ಹಿಡ್ಕೊಳ್ಳತ್ತೆ, ಆದ್ರೆ ಸಡಿಲವಾಗಿ, ಎಲ್ಲಾ ಕಡೆಯಿಂದ ಮುಚ್ಚಲ್ಲ. ಬೇಸ್ ಗುಣ ಸ್ವಲ್ಪ ತಗ್ಗತ್ತೆ, ಕಾರ್ಬನ್‌ಗೆ ಹೊಡೆಯೋ ಗುಣ ಉಳಿಯತ್ತೆ. 2018ರಲ್ಲಿ ಆಕ್ಸ್‌ಫರ್ಡ್‌ನ ವೆರೋನಿಕ್ ಗುವರ್ನರ್ ಅವರ ಗುಂಪು ಕೈರಲ್ ಬಿಸ್-ಯೂರಿಯಾ ಕ್ಯಾಟಲಿಸ್ಟ್ ಹಾಕಿ ಕರಗದೇ ಇರೋ ಸೀಸಿಯಂ ಫ್ಲೋರೈಡ್‌ನಿಂದ ಫ್ಲೋರೈಡನ್ನ ಹೈಡ್ರೋಜನ್ ಬಾಂಡ್‌ಗಳಲ್ಲಿ ಹಿಡಿದು ಸಾಲ್ವೆಂಟ್‌ಗೆ ತಂದು, ಎಡಗೈ ಬಲಗೈ ತರದ ಕನ್ನಡಿ ರೂಪಗಳಲ್ಲಿ ಒಂದನ್ನೇ ಹೆಚ್ಚಾಗಿ ಆರಿಸಿ ಕಾರ್ಬನ್‌ಗೆ ಸೇರಿಸಿದ್ದೂ ಇದೇ ಉಪಾಯದ ಮೇಲೆ.

ಹಾಗಾಗಿ ಯಾವುದೇ ಹೊಸ ನ್ಯೂಕ್ಲಿಯೋಫಿಲಿಕ್ (ಫ್ಲೋರೈಡ್ ಅಯಾನೇ ಕಾರ್ಬನ್‌ಗೆ ಹೊಡೆಯೋ) ವಿಧಾನ ಓದುವಾಗ ಯೀಲ್ಡ್ ಟೇಬಲ್ ಆಮೇಲೆ ನೋಡಿ, ಮೊದಲು ಫ್ಲೋರೈಡನ್ನ ಯಾರು ಹಿಡ್ಕೊಂಡಿದ್ದಾರೆ, ಎಷ್ಟು ಬಿಗಿಯಾಗಿ ಹಿಡ್ಕೊಂಡಿದ್ದಾರೆ ಅಂತ ಹುಡುಕಿ. ಎಲೆಕ್ಟ್ರೋಫಿಲಿಕ್ ಕಥೆ ಬೇರೆ, ಅಲ್ಲಿ ಪಾಸಿಟಿವ್ ತರ ವರ್ತಿಸೋ ಫ್ಲೋರಿನ್ ಕೊಡೋ ಸೆಲೆಕ್ಟ್‌ಫ್ಲೂರ್‌ನ ನೀರು ಬೆರೆಸಿದ ಅಸಿಟೋನೈಟ್ರೈಲ್‌ನಲ್ಲೇ ಓಡಿಸ್ತಾರೆ, ಅದನ್ನ ಮಾಡಿ ಅಭ್ಯಾಸ ಆದೋರೇ ಸೀಸಿಯಂ ಫ್ಲೋರೈಡ್ ಹತ್ರ ಬಂದಾಗ ಮೈಮರೆಯೋದು. ಫ್ಲೋರಿನ್ ಅಂದ್ರೆ ಎಲ್ಲಾ ಒಂದೇ ಅನ್ಕೋಬೇಡಿ.

ನೀರಲ್ಲೇ ಈ ಕೆಲ್ಸ ಮಾಡೋ ಒಂದು ಜೀವಿ ಇದೆ, ಸ್ಟ್ರೆಪ್ಟೋಮೈಸಿಸ್ ಕ್ಯಾಟ್ಲಿಯಾ ಅನ್ನೋ ಬ್ಯಾಕ್ಟೀರಿಯಾ. ಅದರ ಫ್ಲೋರಿನೇಸ್ ಕಿಣ್ವವನ್ನ 2002ರಲ್ಲಿ ಡೇವಿಡ್ ಓಹೇಗನ್ ಗುಂಪು ವರದಿ ಮಾಡ್ತು. ಅದೂ ಮೋಸ ಏನಿಲ್ಲ, ಫ್ಲೋರೈಡನ್ನ ತನ್ನ ಒಳಗಿನ ಜಾಗಕ್ಕೆ ಎಳ್ಕೊಂಡು ನೀರನ್ನ ಒಂದೊಂದಾಗಿ ಕಳಚಿ, ಆ ಜಾಗದಲ್ಲಿ ತನ್ನದೇ ಒಂದೆರಡು ಹೈಡ್ರೋಜನ್ ಬಾಂಡ್ ಕೊಟ್ಟು, ಆಮೇಲೆ ಕಾರ್ಬನ್ ಕಡೆ ಬಿಡತ್ತೆ. ಪೆಟ್ ಸ್ಕ್ಯಾನ್‌ಗೆ ಫ್ಲೋರಿನ್-18 ತಯಾರು ಮಾಡೋರ ಕಷ್ಟ ಇನ್ನೂ ಚಂದ, ಅದು ಸೈಕ್ಲೋಟ್ರಾನ್‌ನಲ್ಲಿ ಹುಟ್ಟೋದೇ ಆಕ್ಸಿಜನ್-18 ನೀರಿನ ಒಳಗೆ, ಅರ್ಧಾಯುಷ್ಯ 110 ನಿಮಿಷ. ಕಾರ್ಟ್ರಿಜ್‌ನಲ್ಲಿ ಹಿಡಿದು, ಪೊಟ್ಯಾಸಿಯಂ ಹಿಡಿದಿಡೋ ಕ್ರಿಪ್ಟ್ಯಾಂಡ್ ಜೊತೆ ಇಳಿಸಿ, ಅಸಿಟೋನೈಟ್ರೈಲ್ ಹಾಕಿ ನೀರನ್ನ ಹಾರಿಸೋಷ್ಟರಲ್ಲಿ ಗಡಿಯಾರ ಓಡ್ತಾನೇ ಇರತ್ತೆ. ಅವರು ಯಾರೂ ಪೇಪರ್ ಬೋಗಸ್ ಅಂತ ಫೋನ್ ಮಾಡಲ್ಲ ನೋಡಿ.

ಈಚೆಗೆ ಶುರುವಾಗಿರೋ ಹೊಸ ತಪ್ಪು ತಿಳುವಳಿಕೆ ಇನ್ನೊಂದಿದೆ. 2023ರಲ್ಲಿ ಅದೇ ಆಕ್ಸ್‌ಫರ್ಡ್ ಗುಂಪು ಫ್ಲೋರ್‌ಸ್ಪಾರ್ ಕಲ್ಲನ್ನ, ಅಂದ್ರೆ ಕ್ಯಾಲ್ಸಿಯಂ ಫ್ಲೋರೈಡನ್ನ, ಡೈಪೊಟ್ಯಾಸಿಯಂ ಫಾಸ್ಫೇಟ್ ಜೊತೆ ಬಾಲ್ ಮಿಲ್‌ನಲ್ಲಿ ಅರೆದು ಎಚ್‌ಎಫ್ (ಹೈಡ್ರೋಜನ್ ಫ್ಲೋರೈಡ್ ಅನ್ನೋ ವಿಷ) ಮುಟ್ಟದೇನೇ ಫ್ಲೋರಿನೇಷನ್‌ಗೆ ಬರೋ ಪುಡಿ ಮಾಡಿ ತೋರಿಸ್ತು. ನೂರಕ್ಕೂ ಹೆಚ್ಚು ವರ್ಷದಿಂದ ಈ ಕಲ್ಲಿಗೆ ಸಲ್ಫ್ಯೂರಿಕ್ ಆಸಿಡ್ ಹಾಕಿ ಎಚ್‌ಎಫ್ ತೆಗೆದು ಅದ್ರಿಂದಲೇ ಮುಂದಿನದೆಲ್ಲ ಮಾಡ್ಕೊಂಡು ಬಂದಿದೀವಿ, 2012ರಲ್ಲಿ ಕೊರಿಯಾದ ಗುಮಿಯಲ್ಲಿ ಎಚ್‌ಎಫ್ ಸೋರಿ 5 ಜನ ಸತ್ತಿದ್ದನ್ನ ನೆನಪಿಟ್ಟೋರಿಗೆ ಇದು ಎಂಥಾ ಸಮಾಧಾನ ಅಂತ ಗೊತ್ತು. ನನ್ನ ಪ್ರಕಾರ ಇದು ನಿಜವಾದ ಹೆಜ್ಜೆ. ಟನ್ ಲೆಕ್ಕದಲ್ಲಿ ಹೇಗೆ ಅನ್ನೋದಕ್ಕೆ ನಾನು ಬಾಯಿ ಬಿಡಲ್ಲ, ಅರೆಯೋ ಖರ್ಚು, ಉಳಿಯೋ ಫಾಸ್ಫೇಟು ಎಲ್ಲ ನೋಡಬೇಕು. ಆಮೇಲೆ 2024ರಲ್ಲಿ ಅವರೇ ಆಕ್ಸಾಲಿಕ್ ಆಸಿಡ್, ಬೋರಿಕ್ ಆಸಿಡ್ ಹಾಕಿ ಆ ಕಲ್ಲನ್ನ ನೀರಲ್ಲೇ ಬಿಡಿಸಿದ್ರು. ಅಷ್ಟೇ ಸಾಕಾಯ್ತು, "ಸಾರ್, ಈಗ ನೀರಲ್ಲೇ ಆಗತ್ತಂತೆ, ಒಣಗಿಸೋದು ಬೇಡವಂತೆ". ಅಯ್ಯಾ, ಅಲ್ಲಿ ನೀರಲ್ಲಿ ಆಗಿದ್ದು ಕಲ್ಲು ಬಿಡಿಸೋ ಕೆಲ್ಸ, ಆಕ್ಸಲೇಟ್ ಕ್ಯಾಲ್ಸಿಯಂ ಹಿಡೀತು, ಬೋರಾನ್ ಫ್ಲೋರೈಡ್ ಹಿಡೀತು. ನೀವು ಪೊಟ್ಯಾಸಿಯಂ ಫ್ಲೋರೈಡ್ ಹಾಕಿ ಡಿಎಂಎಸ್‌ಒ ಸಾಲ್ವೆಂಟ್‌ನಲ್ಲಿ ಕ್ಲೋರಿನ್ ತೆಗೆದು ಫ್ಲೋರಿನ್ ಕೂರಿಸೋ ಹ್ಯಾಲೆಕ್ಸ್‌ಗೆ ಅದರಿಂದ ಒಂದು ಹನಿ ರಿಯಾಯ್ತಿನೂ ಇಲ್ಲ.

ಎಲ್ಲರೂ ಹಂಗೇ ಅಂತಲ್ಲ. ಜಿಗಣಿ ಕಡೆಯ ಒಂದು ಲ್ಯಾಬ್‌ನಲ್ಲಿ ಮಾರ್ಚ್‌ನಲ್ಲಿ ಓಡಿದ ರಿಯಾಕ್ಷನ್ ಜುಲೈನಲ್ಲಿ ಮಲಗಿಬಿಡ್ತು, ಸೀನಿಯರ್‌ಗಳೆಲ್ಲ ಲೈಗ್ಯಾಂಡ್ ಬದಲಾಯ್ಸಿ, ಸಪ್ಲೈಯರ್‌ನ ಬೈದು ಸುಸ್ತಾಗಿದ್ರು. ಚಿತ್ರದುರ್ಗದ ಒಬ್ಳು ಹುಡುಗಿ, ಎಂಎಸ್ಸಿ ಮುಗಿಸಿ ಆಗಷ್ಟೇ ಸೇರಿದೋಳು, "ಸಾರ್, ಬ್ಯಾಲೆನ್ಸ್ ಕಿಟಕಿ ಪಕ್ಕ ಇದೆ, ಎಸಿ ರಾತ್ರಿ ಆಫ್ ಮಾಡ್ತಾರೆ, ಬೆಳಿಗ್ಗೆ ತೂಕ ಮಾಡುವಾಗ ಪುಡಿ ಸ್ಪಾಟುಲಾಗೆ ಅಂಟ್ತಿದೆ" ಅಂದ್ಳು. ಅವಳಿಗೆ ಹೈಡ್ರೇಷನ್ ಎನರ್ಜಿ ನಂಬರ್ ಗೊತ್ತಿರ್ಲಿಲ್ಲ, ಕಣ್ಣು ಮಾತ್ರ ಸರಿಯಿತ್ತು. ತೇವ ಒಳಗೆ ಬರದ ಗ್ಲೋವ್ ಬಾಕ್ಸ್‌ಗೆ ಹೋದ್ಮೇಲೆ ರಿಯಾಕ್ಷನ್ ಎದ್ದು ಕೂತ್ತು. ಅಂಥೋರನ್ನ ಎರಡು ವರ್ಷದಲ್ಲಿ ಡಾಕ್ಯುಮೆಂಟೇಷನ್‌ಗೆ ಹಾಕಿಬಿಡ್ತಾರೆ, ಅದು ಬೇರೆ ಸಂಕಟ.

ನಿಮ್ಮ ಸಬ್‌ಸ್ಟ್ರೇಟ್ ನೋಡದೆ ಒಂದೇ ರೆಸಿಪಿ ಹೇಳೋಕಾಗಲ್ಲ, ಹೇಳೋರನ್ನ ನಂಬಬೇಡಿ. ಸಾಮಾನ್ಯವಾಗಿ ಸ್ಪ್ರೇ ಡ್ರೈಡ್ ಪೊಟ್ಯಾಸಿಯಂ ಫ್ಲೋರೈಡ್ ತಗೊಳ್ಳಿ, ವ್ಯಾಕ್ಯೂಮ್‌ನಲ್ಲಿ ಬಿಸಿ ಮಾಡಿ, ದೊಡ್ಡ ಸ್ಕೇಲ್ ಆದ್ರೆ ಟಾಲ್ವೀನ್ ಹಾಕಿ ನೀರನ್ನ ಡಿಸ್ಟಿಲ್ ಮಾಡಿ ತೆಗೀರಿ. ಫೋನ್ ಮಾಡೋಕೆ ಮುಂಚೆ ಸಾಲ್ವೆಂಟಿಂದು, ಫ್ಲೋರೈಡಿಂದು, ಎಲ್ಲ ಸೇರಿಸಿದ ಮೇಲಿನ ಮಿಶ್ರಣದ್ದು, ಮೂರರದ್ದೂ ಕಾರ್ಲ್ ಫಿಷರ್ ನಂಬರ್, ಅಂದ್ರೆ ನೀರಿನ ಅಳತೆ, ಬರ್ಕೊಂಡಿರಿ. ಒದ್ದೆ ಫ್ಲೋರೈಡ್‌ಗೆ ಆಸಿಡ್ ತಾಗೋ ಸ್ಟೆಪ್ ಎಲ್ಲಾದ್ರೂ ಇದ್ರೆ ಗ್ಲಾಸ್ ಲೈನ್ಡ್ ರಿಯಾಕ್ಟರ್‌ಗೆ ಹಾಕೋ ಮುಂಚೆ ಸೇಫ್ಟಿಯೋರನ್ನ ಕರೀರಿ, ಎಚ್‌ಎಫ್ ಹುಟ್ಟಿ ಗಾಜಿನ ಒಳಪದರ ತಿಂದುಹೋಗತ್ತೆ, ಮತ್ತೆ ಎಚ್‌ಎಫ್ ಸುಟ್ಟ ಗಾಯಕ್ಕೆ ಹಚ್ಚೋ ಕ್ಯಾಲ್ಸಿಯಂ ಗ್ಲೂಕೋನೇಟ್ ಜೆಲ್ ಸ್ಟೋರ್ ರೂಮ್‌ನಲ್ಲಿ ಬೀಗ ಹಾಕಿ ಇಡಬೇಡಿ, ಬೆಂಚ್ ಹತ್ರ ಇಡಿ, ಎಕ್ಸ್‌ಪೈರಿ ಡೇಟ್ ನೋಡಿ.