ಎಂಟು ದಿನದ ಶಿಬಿರ, ಆಮೇಲಿನ ಊರು: ಕುಡಿತ ಬಿಡಿಸುವ ಸಮುದಾಯ ಪ್ರಯತ್ನಗಳ ಟಿಪ್ಪಣಿ

ಸಮುದಾಯ ಆಧಾರಿತ ವ್ಯಸನಮುಕ್ತಿ ಬಗ್ಗೆ ನಮ್ಮ ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯ ಸ್ನಾತಕೋತ್ತರ ಪದವಿ) ನೋಟ್ಸ್‌ನಲ್ಲಿ ಇರುವುದು ಒಂದೇ ಪ್ಯಾರಾ. ಪರೀಕ್ಷೆಗೆ ಅದು ಸಾಕು, ಫೀಲ್ಡ್‌ವರ್ಕ್‌ಗೆ ಸಾಲದು. ಹಾಗಾಗಿ ಓದಿದ್ದನ್ನೂ, ಮಲೆನಾಡಿನ ಒಂದು ಶಿಬಿರದಲ್ಲಿ ಕೂತು ನೋಡಿದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ಒಂದು ಅಂಕಿ ನೆನಪಿಟ್ಟುಕೊಳ್ಳಿ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಮಾಡಿದ ಸಮೀಕ್ಷೆ 2019ರಲ್ಲಿ ಬಂತು. ಕುಡಿತಕ್ಕೆ ಪೂರ್ತಿ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿತ್ತು. ಆಸ್ಪತ್ರೆಗೆ ಸೇರಿದವರು 180ಕ್ಕೆ ಒಬ್ಬರು. ಉಳಿದವರು ಎಲ್ಲಿದ್ದಾರೆ? ಊರಲ್ಲೇ ಇದ್ದಾರೆ. ಕೂಲಿ ಬಿಟ್ಟು ನಿಮ್ಹಾನ್ಸ್‌ವರೆಗೆ ಬರಲು ಆಗುವುದಿಲ್ಲ, ಬಂದರೂ "ಹುಚ್ಚಾಸ್ಪತ್ರೆಗೆ ಸೇರಿಸಿದ್ರಂತೆ" ಅನ್ನುವ ಮಾತು ಮನೆಯವರಿಗೆ ಬೇಡ. ಹಾಗಾದರೆ ಚಿಕಿತ್ಸೆಯನ್ನೇ ಊರಿಗೆ ತರಬೇಕು, ಅಲ್ವಾ?

ಇದನ್ನು ಮೊದಲೇ ಮಾಡಿ ತೋರಿಸಿದವರಲ್ಲಿ ಶಾಂತಿ ರಂಗನಾಥನ್ ಒಬ್ಬರು. ಕುಡಿತದಿಂದ ಗಂಡನನ್ನು ಕಳೆದುಕೊಂಡ ಅವರು 1980ರಲ್ಲಿ ಚೆನ್ನೈನಲ್ಲಿ ವ್ಯಸನ ಚಿಕಿತ್ಸೆಯ ಸಂಸ್ಥೆ ಶುರು ಮಾಡಿದರು. ಆಮೇಲೆ ತಮಿಳುನಾಡಿನ ಮಂಜಕ್ಕುಡಿ ಎಂಬ ಹಳ್ಳಿಯಲ್ಲೇ ಶಿಬಿರ ನಡೆಸಿ, ಆ ಅನುಭವವನ್ನು 1994ರಲ್ಲಿ ಲೇಖನವಾಗಿ ಬರೆದರು. ಶಿಬಿರದ ಮಾದರಿ ಬಗ್ಗೆ ಪ್ರಶ್ನೆ ಬಂದರೆ ಮಂಜಕ್ಕುಡಿ ಹೆಸರು ಬರೆಯಲೇಬೇಕು.

ನಮ್ಮಲ್ಲಿ ಜಾಸ್ತಿ ಗೊತ್ತಿರುವುದು ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು. ಯೋಜನೆ ಶುರುವಾದದ್ದು 1982ರಲ್ಲಿ, ಬೆಳ್ತಂಗಡಿ ತಾಲ್ಲೂಕಿನಲ್ಲಿ. ಶಿಬಿರ ಎಂಟು ದಿನ. ಸಮುದಾಯ ಭವನವೋ ಕಲ್ಯಾಣ ಮಂಟಪವೋ ಸಿಕ್ಕರೆ ಅಲ್ಲೇ ಮಲಗುವುದು, ಅಲ್ಲೇ ಊಟ. ಊರಿನವರೇ ವ್ಯವಸ್ಥಾಪನಾ ಸಮಿತಿ ಮಾಡಿಕೊಳ್ಳುತ್ತಾರೆ. ಅಕ್ಕಿ ಒಬ್ಬರದು, ತರಕಾರಿ ಇನ್ನೊಬ್ಬರದು. ಇದನ್ನು ಸುಮ್ನೆ ಖರ್ಚು ಹಂಚಿಕೊಳ್ಳುವುದು ಅಂತ ಬರೆದು ಮುಂದೆ ಹೋಗಬೇಡಿ. ನಿನ್ನೆವರೆಗೆ "ಅವನೊಬ್ಬ ಕುಡುಕ" ಅಂದವರೇ ಅವನಿಗಾಗಿ ಅಕ್ಕಿ ಅಳೆದು ಕೊಡುತ್ತಾರೆ. ಊರು ಅವನನ್ನು ನೋಡುವ ರೀತಿ ಬದಲಾಗುವುದು ಅಲ್ಲಿಂದ.

ನಾನು ನೋಡಿದ ಶಿಬಿರದಲ್ಲಿ ಎರಡನೇ ದಿನ ಬೆಳಿಗ್ಗೆ ಒಬ್ಬರು ಹಿರಿಯರು ಟೀ ಹಂಚುತ್ತಿದ್ದರು. ಎಲ್ಲರಿಗೂ ಅರ್ಧ ಲೋಟ. ಯಾಕೆ ಅಂತ ಕೇಳಿದೆ. "ತುಂಬ ಹಾಕಿದ್ರೆ ಕೈ ನಡುಗಿ ಚೆಲ್ಲುತ್ತೆ ಕಣಮ್ಮಾ. ನಾಲ್ಕು ಜನರ ಮುಂದೆ ಚೆಲ್ಲಿಕೊಂಡ್ರೆ ಅವ್ನಿಗೆ ನಾಚಿಕೆ. ಎರಡು ಸಲ ಹಾಕಿದ್ರಾಯ್ತು" ಅಂದರು. ನಾಲ್ಕು ವರ್ಷದ ಹಿಂದೆ ಇಂಥದ್ದೇ ಒಂದು ಶಿಬಿರದಲ್ಲಿ ತಮ್ಮ ಮೈಮೇಲೇ ಟೀ ಚೆಲ್ಲಿಕೊಂಡವರು ಅವರು. ಆರನೇ ದಿನ ನೋಡಿದರೆ ಹೆಚ್ಚಿನವರ ಲೋಟ ತುಂಬಿತ್ತು. ಸಮಾನರ ಬೆಂಬಲ ಅಂತ ಪುಸ್ತಕದಲ್ಲಿ ಓದುತ್ತೇವಲ್ಲ, ನನಗೆ ಅದು ಅರ್ಥವಾದದ್ದು ಆ ಅರ್ಧ ಲೋಟದಿಂದ.

ಕೈ ನಡುಕದ ಮಾತು ಬಂತಲ್ಲ, ಇಲ್ಲಿ ಸ್ವಲ್ಪ ನಿಲ್ಲೋಣ. ಊರಲ್ಲಿ "ಹಠ ಇದ್ರೆ ಒಂದೇ ದಿನಕ್ಕೆ ಬಿಡಬಹುದು" ಅನ್ನುತ್ತಾರೆ. ವರ್ಷಗಟ್ಟಲೆ ದಿನಾ ಕುಡಿದವರ ವಿಷಯದಲ್ಲಿ ಇದು ಅಪಾಯದ ಮಾತು. ಕುಡಿತ ನಿಂತ 6ರಿಂದ 24 ಗಂಟೆಯೊಳಗೆ ನಡುಕ, ಬೆವರು, ವಾಂತಿ ಶುರುವಾಗುತ್ತದೆ. ಮೊದಲ 48 ಗಂಟೆಯಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಸನ್ನಿ ಹಿಡಿಯುತ್ತದೆ: ಇಲ್ಲದ್ದು ಕಾಣುತ್ತದೆ, ದಿಕ್ಕು ತಪ್ಪುತ್ತದೆ, ಜೀವವೇ ಹೋಗಬಹುದು. ಅದಕ್ಕೇ ಶಿಬಿರಕ್ಕೆ ಸೇರಿಸಿಕೊಳ್ಳುವ ಮೊದಲು ಡಾಕ್ಟರ್ ನೋಡಲೇಬೇಕು. ಹಿಂದೆ ಫಿಟ್ಸ್ ಬಂದಿದ್ದರೆ, ಲಿವರ್ ತೊಂದರೆ ಇದ್ದರೆ ನೇರ ಆಸ್ಪತ್ರೆಗೆ. ಬಿ1 ವಿಟಮಿನ್ ಯಾಕೆ ಕೊಡುತ್ತಾರೆ ಅನ್ನುವುದನ್ನೂ ಓದಿಕೊಳ್ಳಿ, ಅದರ ಕೊರತೆಯಿಂದ ಮೆದುಳಿಗೇ ಪೆಟ್ಟು ಬೀಳುತ್ತದೆ. ಇನ್ನೊಂದು ವಿಷಯ. ಕುಡಿತ ಬಿಡಿಸುವ ಮಾತ್ರೆಯನ್ನು ಗಂಡನಿಗೆ ಗೊತ್ತಾಗದ ಹಾಗೆ ಸಾರಿಗೆ ಬೆರೆಸುವ ಮನೆಗಳಿವೆ. ಡೈಸಲ್ಫಿರಾಮ್ ಎಂಬ ಆ ಮಾತ್ರೆ ತಿಂದ ಮೇಲೆ ಅವನು ಕುಡಿದರೆ ಬಿಪಿ ಕುಸಿದು ಸಾಯಲೂಬಹುದು. ಮನೆಭೇಟಿಗೆ ಹೋದಾಗ ಇದನ್ನು ತಪ್ಪದೆ ಹೇಳಿ.

ಶಿಬಿರಗಳ ಬಗ್ಗೆ ನನಗೆ ಎರಡು ತಕರಾರಿವೆ. ಒಂದು, ಆಣೆ ಪ್ರಮಾಣ. ದೇವರ ಮುಂದೆ ಮಾಡಿದ ಪ್ರಮಾಣ ಕೆಲವರನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸುತ್ತದೆ, ಅದನ್ನು ಕಣ್ಣಾರೆ ನೋಡಿದ್ದೇನೆ. ಆದರೆ ಒಮ್ಮೆ ಜಾರಿದರೆ ಅದು ಬರೀ ಜಾರುವುದಲ್ಲ, ಮಾತಿಗೆ ತಪ್ಪಿದ ಪಾಪ ಅಂತ ಆಗಿಬಿಡುತ್ತದೆ. ಆಗ ಅವನು ಮುಖ ತೋರಿಸುವುದಿಲ್ಲ, ಮತ್ತೆ ಸಹಾಯ ಕೇಳುವುದಿಲ್ಲ. ಕಾಯಿಲೆ ಮರುಕಳಿಸಿತು ಅಂತ ಹೇಳಲು ಜಾಗ ಇರಬೇಕು. ಎರಡು, ಹೆಂಗಸರು. ತೋಟದ ಲೈನು ಮನೆಗಳಲ್ಲಿ ಕುಡಿಯುವ ಹೆಂಗಸರೂ ಇದ್ದಾರೆ, ಗಂಡಸರ ನಡುವೆ ಅವರು ಎಲ್ಲಿ ಬಂದು ಮಲಗಬೇಕು?

ಕುಡಿತ ಬಿಟ್ಟವನೇ ಇನ್ನೊಬ್ಬನಿಗೆ ಆಸರೆ ಅನ್ನುವ ಯೋಚನೆಗೆ ಅಮೆರಿಕದ ಕಥೆಯೂ ಇದೆ. 1935ರಲ್ಲಿ ಓಹಾಯೋದ ಆಕ್ರನ್‌ನಲ್ಲಿ ಕುಡಿತದಿಂದ ಸೋತ ಇಬ್ಬರು ಕೂತು ಮಾತಾಡಿದರು, ಅದೇ ಆಲ್ಕೊಹಾಲಿಕ್ಸ್ ಅನಾನಿಮಸ್ ಆಯಿತು. 1957ರಲ್ಲಿ ಭಾರತಕ್ಕೂ ಬಂತು. ಫೀಸಿಲ್ಲ, ಪೂರ್ತಿ ಹೆಸರು ಹೇಳಬೇಕಿಲ್ಲ. ನಮ್ಮ ಹಳ್ಳಿಯಲ್ಲಿ ಮಾತ್ರ ಹೆಸರು ಮುಚ್ಚಿಡುವುದು ಆಗದ ಮಾತು, ಎಲ್ಲರಿಗೂ ಎಲ್ಲರೂ ಗೊತ್ತು. ಆದ್ದರಿಂದ ಶಿಬಿರ ಮುಗಿಸಿದವರ ನವಜೀವನ ಸಮಿತಿಗಳು ಎಲ್ಲರಿಗೂ ಗೊತ್ತಿರುವುದನ್ನೇ ಬಲ ಮಾಡಿಕೊಂಡಿವೆ.

ಆಪ್ತಸಮಾಲೋಚನೆಯಿಂದ ಕುಡಿತ ಕಡಿಮೆಯಾಗುತ್ತದೆಯೇ ಅಂತ ನೋಡಿದ ಗೋವಾದ ಪ್ರಯೋಗವನ್ನು ಬೇರೆಯಾಗಿ ಓದಿ. 10 ಪ್ರಾಥಮಿಕ ಆರೋಗ್ಯ ಕೇಂದ್ರಗಳು, 377 ಗಂಡಸರು. ಮಾತಾಡಿಸಿದವರು ತರಬೇತಿ ಪಡೆದ ಸ್ಥಳೀಯರು, ಮನೋವೈದ್ಯರಲ್ಲ. ಮೂರು ತಿಂಗಳ ನಂತರ ಕೇಳಿದಾಗ, ಹಿಂದಿನ 14 ದಿನ ಕುಡಿಯದವರು ಆಪ್ತಸಮಾಲೋಚನೆ ಸಿಕ್ಕವರಲ್ಲಿ ಶೇ. 42, ಸಿಗದವರಲ್ಲಿ ಶೇ. 18. ಆದರೆ ಇವರು ಪೂರ್ತಿ ಅಂಟಿಕೊಂಡವರಲ್ಲ, ಹಾನಿಯಾಗುವಷ್ಟು ಕುಡಿಯುತ್ತಿದ್ದವರು. ಈ ವ್ಯತ್ಯಾಸ ಬರೆಯದಿದ್ದರೆ ಉತ್ತರ ತಪ್ಪಾಗುತ್ತದೆ.

ಇನ್ನು ಅಂಗಡಿಯ ಕಡೆ. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈನಲ್ಲಿ, ಕುಡಿತ ನಿಲ್ಲಲಿಲ್ಲ. ಕಿರಾಣಿ ಅಂಗಡಿಯಲ್ಲೂ ಮದ್ಯದ ಪ್ಯಾಕೆಟ್ ಸಿಗುತ್ತದೆ ಅನ್ನುವುದೇ ಹೆಂಗಸರ ದೂರು. 2019ರ ಜನವರಿಯಲ್ಲಿ ರಾಯಚೂರು ಮತ್ತಿತರ ಜಿಲ್ಲೆಗಳ ಸಾವಿರಾರು ಹೆಂಗಸರು ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಬಂದರು. ಒಳಗೆ ಶಿಬಿರ, ಹೊರಗೆ ಬಾಗಿಲ ಪಕ್ಕವೇ ಪ್ಯಾಕೆಟ್ ಆದರೆ ಯಾರಿಗೂ ಕಷ್ಟವೇ.

ಫೀಲ್ಡ್‌ವರ್ಕ್‌ಗೆ ಹೋಗುವವರು ಸಮಾರೋಪದ ದಿನ ಫೋಟೋ ತೆಗೆದು ಬರಬೇಡಿ. ಮೂರು ತಿಂಗಳು ಬಿಟ್ಟು ಹೋಗಿ. ಜೇಬಲ್ಲಿ ವ್ಯಸನಮುಕ್ತಿ ಸಹಾಯವಾಣಿ 14446 ಮತ್ತು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಬರೆದಿಟ್ಟುಕೊಳ್ಳಿ, ಯಾರಾದರೂ ಕೇಳುತ್ತಾರೆ. ನಾನು ಹೋದ ಊರಲ್ಲಿ ನವಜೀವನ ಸಮಿತಿ ಸೇರುವುದು ಶನಿವಾರ ಸಂಜೆ ಆರಕ್ಕೆ. ಯಾಕೆಂದರೆ ಕೂಲಿ ಬಟವಾಡೆ ಆಗುವುದು ಐದೂವರೆಗೆ. ಆರೂಕಾಲಾದರೂ ಒಬ್ಬ ಬರದಿದ್ದರೆ ಇಬ್ಬರು ಎದ್ದು ಚಪ್ಪಲಿ ಹಾಕಿಕೊಳ್ಳುತ್ತಾರೆ, ಮೊದಲು ಅವನ ಮನೆಗೆ, ಅಲ್ಲಿಲ್ಲದಿದ್ದರೆ ವೈನ್ ಶಾಪ್ ಕಡೆಗೆ.