ಚಿತ್ರೀಕರಣ ಮುಗಿದ ಮೇಲೆ ಹೆಲಿಕಾಪ್ಟರ್

1984ರಲ್ಲಿ ಅಮೆರಿಕದ ಕಿರುತೆರೆಯಲ್ಲಿ ಆರಂಭವಾದ ‘ಏರ್‌ವುಲ್ಫ್’ ಧಾರಾವಾಹಿಯ ಹೆಲಿಕಾಪ್ಟರ್ ಶಬ್ದದ ವೇಗವನ್ನೂ ಮೀರಿ ಹಾರುತ್ತಿತ್ತು. ಆ ಪಾತ್ರ ವಹಿಸಿದ್ದು ಬೆಲ್ 222 ಮಾದರಿಯ ಒಂದು ನಾಗರಿಕ ಹೆಲಿಕಾಪ್ಟರ್. ಅದಕ್ಕೆ ಕಡುಬಣ್ಣ ಬಳಿದು, ಎರಡು ಪಕ್ಕಗಳಲ್ಲಿ ಬಂದೂಕಿನಂತೆ ಕಾಣುವ ಕೊಳವೆಗಳನ್ನೂ ಹೊಟ್ಟೆಯ ಕೆಳಗೆ ಕ್ಷಿಪಣಿ ಪೆಟ್ಟಿಗೆಯಂಥ ಕವಚವನ್ನೂ ಜೋಡಿಸಿದ್ದರು. ಧಾರಾವಾಹಿ ಮುಗಿದ ಮೇಲೆ ಆ ಅಲಂಕಾರ ಕಳಚಿತು, ಹೆಲಿಕಾಪ್ಟರ್ ಜರ್ಮನಿಯ ಸಂಸ್ಥೆಯೊಂದಕ್ಕೆ ಮಾರಾಟವಾಯಿತು, ಅಲ್ಲಿ ರೋಗಿಗಳನ್ನು ಒಯ್ಯುವ ಏರ್ ಆಂಬ್ಯುಲೆನ್ಸ್ ಆಗಿ ದುಡಿಯತೊಡಗಿತು. 1992ರ ಜೂನ್ 6ರಂದು ಗುಡುಗುಮಳೆಯ ನಡುವೆ ಹಾರುತ್ತಿದ್ದಾಗ ಅದು ನೆಲಕ್ಕಪ್ಪಳಿಸಿತು. ಒಳಗಿದ್ದ ಮೂವರೂ ತೀರಿಕೊಂಡರು.

ಈ ಕಥೆಯನ್ನು ಓದಿದಾಗಲೆಲ್ಲ ನನ್ನ ಮನಸ್ಸು ನಿಲ್ಲುವುದು ಕೊನೆಯ ಅಪಘಾತದ ಮೇಲಲ್ಲ, ನಡುವಿನ ಆ ಆಂಬ್ಯುಲೆನ್ಸ್ ವರ್ಷಗಳ ಮೇಲೆ. ಲಕ್ಷಾಂತರ ಜನ ಗುರುತಿಸಬಲ್ಲ ಯಂತ್ರವೊಂದು ತನ್ನ ಗುರುತನ್ನು ಕಳಚಿಟ್ಟು ದಿನಗೆಲಸಕ್ಕೆ ಮರಳಿತ್ತು. ತೆರೆಯ ಮೇಲೆ ಕಾಣಿಸಿಕೊಂಡ ಹೆಚ್ಚಿನ ಹೆಲಿಕಾಪ್ಟರ್‌ಗಳ ಪಾಡು ಇದೇ, ಏಕೆಂದರೆ ಹೆಲಿಕಾಪ್ಟರಿನ ಮುಂದಿನ ದಾರಿಯನ್ನು ತೀರ್ಮಾನಿಸುವುದು ಅದರ ಖ್ಯಾತಿಯಲ್ಲ, ಅದರ ಲೋಹ ಎಷ್ಟು ದಣಿದಿದೆ ಎಂಬ ಲೆಕ್ಕ.

ಮೊದಲು ಶಬ್ದದ ವೇಗದ ಮಾತನ್ನು ಮುಗಿಸಿಬಿಡೋಣ. ಚಿರಪರಿಚಿತವಾದ ಬೆಲ್ 206 ಹೆಲಿಕಾಪ್ಟರಿನ ಮುಖ್ಯ ರೋಟರಿನ, ಎಂದರೆ ಮೇಲೆ ತಿರುಗುವ ಉದ್ದನೆಯ ರೆಕ್ಕೆಗಳ (ಬ್ಲೇಡುಗಳ) ಚಕ್ರದ, ವ್ಯಾಸ 10.16 ಮೀಟರ್, ಅದು ನಿಮಿಷಕ್ಕೆ 394 ಸುತ್ತು ತಿರುಗುತ್ತದೆ. ಎಂದರೆ ಬ್ಲೇಡಿನ ತುದಿ ಸೆಕೆಂಡಿಗೆ ಸುಮಾರು 210 ಮೀಟರ್ ವೇಗದಲ್ಲಿ ಗಾಳಿಯನ್ನು ಸೀಳುತ್ತಿರುತ್ತದೆ. ಹೆಲಿಕಾಪ್ಟರ್ ಸೆಕೆಂಡಿಗೆ 60 ಮೀಟರಿನಂತೆ ಮುಂದೆ ಸಾಗಿದರೆ, ಮುಂದಕ್ಕೆ ಬರುವ ಬ್ಲೇಡಿನ ತುದಿಗೆ ಗಾಳಿ 270 ಮೀಟರ್ ವೇಗದಲ್ಲಿ ಎದುರಾಗುತ್ತದೆ, ಹಿಂದಕ್ಕೆ ಹೋಗುವ ಬ್ಲೇಡಿಗೆ ಸಿಗುವುದು 150 ಮಾತ್ರ. ವೇಗ ಹೆಚ್ಚಿದಷ್ಟೂ ಒಂದು ಬದಿ ಶಬ್ದದ ವೇಗದ ಹೊಸ್ತಿಲಿಗೆ ಬರುತ್ತದೆ, ಇನ್ನೊಂದು ಬದಿಯಲ್ಲಿ ಎತ್ತುವ ಬಲವೇ ಸಾಲದಾಗುತ್ತದೆ. ಸಾಂಪ್ರದಾಯಿಕ ಹೆಲಿಕಾಪ್ಟರುಗಳ ಅಧಿಕೃತ ವೇಗದ ದಾಖಲೆ 1986ರ ಆಗಸ್ಟ್ 11ರಂದು ಬ್ರಿಟನ್ನಿನ ವೆಸ್ಟ್‌ಲ್ಯಾಂಡ್ ಲಿಂಕ್ಸ್ ಸ್ಥಾಪಿಸಿದ ಗಂಟೆಗೆ 400.87 ಕಿಲೋಮೀಟರ್. ಅದು ಶಬ್ದದ ವೇಗದ ಮೂರನೇ ಒಂದು ಭಾಗದಷ್ಟು.

ಇದೇ ಅಸಮತೋಲನ ಹೆಲಿಕಾಪ್ಟರಿನ ಆಯಸ್ಸನ್ನೂ ಅಳೆಯುತ್ತದೆ. ಪ್ರತಿ ಸುತ್ತಿನಲ್ಲೂ ಬ್ಲೇಡ್ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಬಲಕ್ಕೆ ಒಳಗಾಗಿ ಬಾಗಿ ಬಳುಕುತ್ತದೆ. ನಿಮಿಷಕ್ಕೆ 394 ಸುತ್ತು ಎಂದರೆ ಗಂಟೆಗೆ 23,640 ಬಾಗುವಿಕೆ, ಎರಡು ಸಾವಿರ ಗಂಟೆಗಳ ಹಾರಾಟದಲ್ಲಿ ನಾಲ್ಕೂಮುಕ್ಕಾಲು ಕೋಟಿಯ ಹತ್ತಿರ. ತಂತಿಯೊಂದನ್ನು ಹಿಂದೆ ಮುಂದೆ ಬಗ್ಗಿಸುತ್ತಲೇ ಇದ್ದರೆ ಅದು ಕೊನೆಗೆ ಮುರಿಯುತ್ತದಷ್ಟೆ. ಲೋಹದ ದಣಿವು ಎನ್ನುವುದು ಇದನ್ನೇ. ಉಕ್ಕಿನಲ್ಲಿ ಒಂದು ಮಿತಿಗಿಂತ ಕಡಿಮೆ ಬಲ ಬಿದ್ದರೆ ಸಾಮಾನ್ಯವಾಗಿ ಬಿರುಕು ಹುಟ್ಟುವುದಿಲ್ಲ. ಅಲ್ಯೂಮಿನಿಯಮ್‌ನಲ್ಲಿ ಅಂಥ ಸ್ಪಷ್ಟವಾದ ಸುರಕ್ಷಿತ ಮಿತಿ ಇಲ್ಲ, ಬಲ ಎಷ್ಟೇ ಚಿಕ್ಕದಿದ್ದರೂ ಸಾಕಷ್ಟು ಸಲ ಮರುಕಳಿಸಿದರೆ ಅದು ದಣಿಯುತ್ತದೆ.

ಆದ್ದರಿಂದ ಹೆಲಿಕಾಪ್ಟರಿಗೆ ಒಟ್ಟಾರೆಯಾದ ಒಂದೇ ವಯಸ್ಸು ಇರುವುದಿಲ್ಲ. ಬ್ಲೇಡಿಗೆ ಒಂದು ಗಡುವು, ರೋಟರಿನ ಕಂಬಕ್ಕೆ ಇನ್ನೊಂದು, ಗೇರ್‌ಬಾಕ್ಸಿಗೆ ಮತ್ತೊಂದು. ಕೆಲವು ಭಾಗಗಳ ಲೆಕ್ಕ ಹಾರಾಟದ ಗಂಟೆಗಳಲ್ಲಿ, ಕೆಲವದು ಎಂಜಿನ್ ಚಾಲೂ ಮಾಡಿದ ಸಲಗಳಲ್ಲಿ, ಇನ್ನು ಕೆಲವದು ನೆಲದಿಂದ ಮೇಲೆದ್ದ ಸಲಗಳಲ್ಲಿ. ರಾಬಿನ್ಸನ್ ಆರ್44ನಂಥ ಪುಟ್ಟ ಹೆಲಿಕಾಪ್ಟರನ್ನು 2,200 ಗಂಟೆ ಅಥವಾ 12 ವರ್ಷ, ಯಾವುದು ಮೊದಲು ಬರುತ್ತದೋ ಆಗ, ಪೂರ್ತಿಯಾಗಿ ಬಿಚ್ಚಿ ಓವರ್‌ಹಾಲ್ ಮಾಡಲೇಬೇಕು. ಮೇಲೇರುವುದು, ಇಳಿಯುವುದು, ‘ಇನ್ನೊಂದು ಟೇಕ್’ ಎಂದಾಗ ಮತ್ತೆ ಮೇಲೇರುವುದು ಎಂದು ಸಾಗುವ ಚಿತ್ರೀಕರಣ ಈ ಗಡುವುಗಳನ್ನು ಬೇಗ ಬೇಗ ಸಮೀಪಕ್ಕೆ ತರುತ್ತದೆ. ಲಾಗ್‌ಬುಕ್ಕಿನಲ್ಲಿ ಬರೆಯುವುದು ಗಂಟೆ ಮತ್ತು ಸಲಗಳನ್ನೇ ಹೊರತು ಪಾತ್ರದ ಹೆಸರನ್ನಲ್ಲ.

ನಿರ್ಮಾಪಕರು ಹೆಲಿಕಾಪ್ಟರನ್ನು ಕೊಳ್ಳದೆ ಬಾಡಿಗೆಗೆ ಪಡೆಯುವುದಕ್ಕೂ ಇದೇ ಮುಖ್ಯ ಕಾರಣ. ನಿಲ್ಲಿಸಿಟ್ಟ ಹೆಲಿಕಾಪ್ಟರಿಗೂ ವರ್ಷಗಳ ಲೆಕ್ಕ ಓಡುತ್ತಲೇ ಇರುತ್ತದೆ, ಜೊತೆಗೆ ತಪಾಸಣೆಯ ಖರ್ಚು ಬೀಳುತ್ತಲೇ ಇರುತ್ತದೆ. ಕೆಲವೊಮ್ಮೆ ಸೇನೆಯೇ ಯಂತ್ರಗಳನ್ನು ಎರವಲು ಕೊಟ್ಟಿದೆ. 1976ರಿಂದ ಫಿಲಿಪ್ಪೀನ್ಸ್‌ನಲ್ಲಿ ಚಿತ್ರೀಕರಣಗೊಂಡು 1979ರಲ್ಲಿ ಬಿಡುಗಡೆಯಾದ ‘ಅಪೋಕ್ಯಾಲಿಪ್ಸ್ ನೌ’ ಚಿತ್ರದ ಹ್ಯೂಯಿ ಹೆಲಿಕಾಪ್ಟರ್‌ಗಳು ಆ ದೇಶದ ಸೇನೆಯವು. ಬಂಡುಕೋರರ ವಿರುದ್ಧದ ನಿಜವಾದ ಕಾಳಗಕ್ಕೆ ಬೇಕಾದಾಗ ಅವುಗಳನ್ನು ಚಿತ್ರೀಕರಣದ ನಡುವೆಯೇ ವಾಪಸು ಕರೆಸಿಕೊಳ್ಳುತ್ತಿದ್ದರು. ಅಲ್ಲಿ ನಟನೆಯ ಯುದ್ಧಕ್ಕೂ ನಿಜವಾದ ಯುದ್ಧಕ್ಕೂ ನಡುವಿನ ಅಂತರ ಒಂದು ಹಾರಾಟದಷ್ಟೇ ಆಗಿತ್ತು.

ವೇಷ ಹಾಕಿದ ಹೆಲಿಕಾಪ್ಟರ್‌ಗಳ ವಿಚಾರ ಇನ್ನೂ ಕುತೂಹಲಕರ. ಶೀತಲ ಸಮರದ ಕಾಲದಲ್ಲಿ ಹಾಲಿವುಡ್ಡಿಗೆ ಸೋವಿಯತ್ ಯುದ್ಧ ಹೆಲಿಕಾಪ್ಟರ್ ಎಂಐ-24 ದೊರೆಯುವಂತಿರಲಿಲ್ಲ. ಹಾಗಾಗಿ 1984ರ ‘ರೆಡ್ ಡಾನ್’ ಮೊದಲಾದ ಚಿತ್ರಗಳಲ್ಲಿ ಫ್ರೆಂಚ್ ಮೂಲದ ಪೂಮಾ ಹೆಲಿಕಾಪ್ಟರಿಗೆ ಮೋಟು ರೆಕ್ಕೆ ಮತ್ತು ಹೊಸ ಮೂಗು ಕೂರಿಸಿ ಅದನ್ನು ಎಂಐ-24 ಎಂದು ತೋರಿಸಿದರು. ಇಂಗ್ಲೆಂಡಿನಲ್ಲಿ ತಯಾರಾದ ‘ಫುಲ್ ಮೆಟಲ್ ಜ್ಯಾಕೆಟ್’ ಚಿತ್ರಕ್ಕೆ ವೆಸ್ಟ್‌ಲ್ಯಾಂಡ್ ವೆಸೆಕ್ಸ್‌ಗಳಿಗೆ ಹಸಿರು ಬಳಿದು ಅವನ್ನು ಅಮೆರಿಕನ್ ಹೆಲಿಕಾಪ್ಟರ್‌ಗಳಾಗಿಸಿದರು. ವೆಸೆಕ್ಸ್ ಸ್ವತಃ ಅಮೆರಿಕದ ಸಿಕೋರ್‌ಸ್ಕಿ ಎಸ್-58ರ ವಂಶದ್ದೇ ಆದ್ದರಿಂದ ಆ ವೇಷ ಚೆನ್ನಾಗಿಯೇ ಒಪ್ಪಿತು. 1983ರ ‘ಬ್ಲೂ ಥಂಡರ್’ ಚಿತ್ರಕ್ಕಾಗಿ ಎರಡು ಫ್ರೆಂಚ್ ಗಜೆಲ್ ಹೆಲಿಕಾಪ್ಟರ್‌ಗಳ ನುಣುಪಾದ ಗಾಜಿನ ಮೂತಿಯನ್ನು ತೆಗೆದು ಚಪ್ಪಟೆ ಫಲಕಗಳ ಕಾಕ್‌ಪಿಟ್ ಕಟ್ಟಿದರು.

ಇಂಥ ವೇಷ ಹಗುರವಾದುದಲ್ಲ. ಮೂಗಿನ ಮೇಲೆ ತೂಕ ಹೇರಿದರೆ ಗುರುತ್ವ ಕೇಂದ್ರ ಮುಂದಕ್ಕೆ ಸರಿಯುತ್ತದೆ. ರೋಟರಿನ ಕೆಳಗೆ ಲೋಲಕದಂತೆ ತೂಗುವ ಹೆಲಿಕಾಪ್ಟರ್ ಆಗ ಮುಂದಕ್ಕೆ ವಾಲುತ್ತದೆ, ಅದನ್ನು ಸರಿಪಡಿಸಲು ಚಾಲಕ ಕಂಟ್ರೋಲ್ ಹಿಡಿಯನ್ನು ಸದಾ ಹಿಂದಕ್ಕೆ ಎಳೆದು ಹಿಡಿದಿರಬೇಕಾಗುತ್ತದೆ, ಅಪಾಯದಲ್ಲಿ ಬೇಕಾಗುವ ಎಳೆತ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಚೌಕಾಕಾರದ ಕವಚಗಳು ಗಾಳಿಗೆ ಅಡ್ಡ ನಿಂತು ವೇಗವನ್ನೂ ತಿನ್ನುತ್ತವೆ. ಅಷ್ಟೇ ಅಲ್ಲ, ವಿಮಾನಯಾನ ಪ್ರಾಧಿಕಾರ ಹಾರಾಟಕ್ಕೆ ಅನುಮತಿ ಕೊಡುವುದು ಒಂದು ನಿರ್ದಿಷ್ಟ ವಿನ್ಯಾಸಕ್ಕೆ. ಆ ವಿನ್ಯಾಸವನ್ನು ಬದಲಿಸಿದ ಹೆಲಿಕಾಪ್ಟರಿನಲ್ಲಿ ಸಾಮಾನ್ಯವಾಗಿ ಹಣ ಪಡೆದು ಪ್ರಯಾಣಿಕರನ್ನು ಒಯ್ಯುವಂತಿಲ್ಲ. ಹೀಗಾಗಿ ವೇಷ ಕಳಚುವುದು ಸುಲಭವಾದರೆ ಕಳಚಿ ಮಾರುತ್ತಾರೆ. ದೇಹವನ್ನೇ ಕತ್ತರಿಸಿ ಮಾಡಿದ ವೇಷವಾದರೆ ಅಂಥ ಯಂತ್ರಕ್ಕೆ ಕೊಳ್ಳುವವರು ಸಿಗುವುದು ಕಷ್ಟ. ಬ್ಲೂ ಥಂಡರಿನ ಗಜೆಲ್‌ಗಳು ಮುಂದೆ ಬಿಡಿಭಾಗಗಳಿಗಾಗಿ ಬಿಚ್ಚಲ್ಪಟ್ಟವು. ಅವುಗಳಲ್ಲಿ ಒಂದನ್ನಾದರೂ ಇಡಿಯಾಗಿ ಉಳಿಸಿಕೊಳ್ಳಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಕಣ್ಣಿಗೆ ಕಾಣದ ಹಾನಿಯನ್ನೂ ಇಲ್ಲಿ ಹೇಳಲೇಬೇಕು. 1982ರ ಜುಲೈ 23ರಂದು ಕ್ಯಾಲಿಫೋರ್ನಿಯಾದಲ್ಲಿ ‘ಟ್ವೈಲೈಟ್ ಝೋನ್’ ಚಿತ್ರದ ಚಿತ್ರೀಕರಣದ ವೇಳೆ ಹ್ಯೂಯಿ ಹೆಲಿಕಾಪ್ಟರ್ ಉರುಳಿ, ನೆಲದ ಮೇಲಿದ್ದ ಒಬ್ಬ ನಟ ಮತ್ತು ಇಬ್ಬರು ಮಕ್ಕಳು ಸತ್ತರು. ದೃಶ್ಯಕ್ಕಾಗಿ ನಡೆಸಿದ ಸ್ಫೋಟಗಳು ಹೆಲಿಕಾಪ್ಟರಿಗೆ ತೀರ ಹತ್ತಿರವಿದ್ದವೆಂದು ತನಿಖೆ ಕಂಡುಕೊಂಡಿತು. ಬಾಲದ ರೋಟರಿನ ಒಂದು ಬ್ಲೇಡಿಗೆ ಸಿಡಿದ ಚೂರು ಬಡಿದಿತ್ತು, ಇನ್ನೊಂದರ ಪದರಗಳು ಬೆಂಕಿಯ ಶಾಖಕ್ಕೆ ಬಿಟ್ಟುಕೊಂಡಿದ್ದವು. ಇಂಥ ಬ್ಲೇಡ್‌ನಲ್ಲಿ ತೆಳುವಾದ ಲೋಹದ ಹೊದಿಕೆಯನ್ನು ಒಳಗಿನ ತಿರುಳಿಗೆ ಅಂಟಿನಿಂದ ಬೆಸೆದಿರುತ್ತಾರೆ. ಲೋಹ ಕರಗುವುದಕ್ಕಿಂತ ಬಹಳ ಮೊದಲೇ ಅಂಟು ಸಡಿಲಗೊಳ್ಳುತ್ತದೆ. ಹೊಗೆ, ಬೆಂಕಿ, ಮರಳಿನ ದೃಶ್ಯಗಳಲ್ಲಿ ಹಾರಿ ಬಂದ ಹೆಲಿಕಾಪ್ಟರ್ ಹೊರಗಿನಿಂದ ಅಚ್ಚುಕಟ್ಟಾಗಿ ಕಂಡರೂ, ಮತ್ತೆ ಜನರನ್ನು ಹೊರುವ ಮೊದಲು ಬ್ಲೇಡುಗಳ ಅಂಚು ಸವೆದಿದೆಯೇ, ಟರ್ಬೈನಿನೊಳಗೆ ಧೂಳು ಸೇರಿದೆಯೇ ಎಂದು ಪರೀಕ್ಷಿಸದೆ ಬಿಡುವಂತಿಲ್ಲ.

ಬಿಡಿಭಾಗಗಳ ವ್ಯಾಪಾರದಲ್ಲಿ ಬೆಲೆಯಿರುವುದು ಲೋಹಕ್ಕಿಂತ ಹೆಚ್ಚಾಗಿ ಅದರ ಜೊತೆಗಿರುವ ಕಾಗದಕ್ಕೆ. ಆಯಸ್ಸು ಉಳಿದಿರುವ ಗೇರ್‌ಬಾಕ್ಸ್ ತನ್ನ ಕ್ರಮಸಂಖ್ಯೆ ಮತ್ತು ಗಂಟೆಗಳ ದಾಖಲೆಯೊಂದಿಗೆ ಬಂದರೆ ಅದಕ್ಕೆ ಭಾರಿ ಬೆಲೆಯುಂಟು, ದಾಖಲೆ ಕಳೆದುಹೋದರೆ ಅದೇ ಗೇರ್‌ಬಾಕ್ಸ್ ಗುಜರಿ. ಗಡುವು ಮುಗಿದ ಭಾಗಗಳು ಕಳ್ಳದಾರಿಯಲ್ಲಿ ಮತ್ತೆ ಆಕಾಶಕ್ಕೆ ಏರದಂತೆ ಅವುಗಳನ್ನು ಕತ್ತರಿಸಿ ಅಥವಾ ತೂತು ಕೊರೆದು ಕೆಡಿಸುವುದು ರೂಢಿ. ಅಲ್ಯೂಮಿನಿಯಮ್, ಟೈಟಾನಿಯಮ್ ಮತ್ತು ಟರ್ಬೈನಿನ ನಿಕ್ಕಲ್ ಮಿಶ್ರಲೋಹಗಳನ್ನು ಕರಗಿಸಿ ಮರುಬಳಸಬಹುದು. ಆದರೆ ಗೇರ್‌ಬಾಕ್ಸ್ ಕವಚಗಳ ಮೆಗ್ನೀಸಿಯಮ್ ಒಮ್ಮೆ ಹೊತ್ತಿಕೊಂಡರೆ ನೀರು ಸುರಿದಷ್ಟೂ ಹೆಚ್ಚು ಉರಿಯುತ್ತದೆ. ಗಾಜಿನ ಎಳೆ ಮತ್ತು ರಾಳ ಬೆರೆತ ಬ್ಲೇಡುಗಳನ್ನು ಕರಗಿಸಿ ಬೇರ್ಪಡಿಸುವ ಸುಲಭ ವಿಧಾನವಂತೂ ಇಲ್ಲ.

ಎಲ್ಲ ಉಪಯುಕ್ತ ಭಾಗಗಳನ್ನು ಕಳಚಿದ ಮೇಲೆ ಉಳಿಯುವ ಖಾಲಿ ಚಿಪ್ಪು ಕೆಲವೊಮ್ಮೆ ಸಿನಿಮಾಕ್ಕೆ ಮರಳಿ ಬರುತ್ತದೆ. ಉರುಳಿ ಬಿದ್ದ ಹೆಲಿಕಾಪ್ಟರಿನ ದೃಶ್ಯಕ್ಕೆ, ಹಸಿರು ಪರದೆಯ ಮುಂದೆ ನಟರನ್ನು ಕೂರಿಸುವುದಕ್ಕೆ ಹಾರಲಾರದ ದೇಹವೇ ಸಾಕು, ಕೆಲವೊಮ್ಮೆ ಅದೇ ಹೆಚ್ಚು ಅನುಕೂಲ. ಹಾರಾಟವನ್ನು ಕಂಪ್ಯೂಟರ್ ಚಿತ್ರಿಸುವ ಈ ಕಾಲದಲ್ಲಿ ಇಂಥ ಚಿಪ್ಪುಗಳ ಅಗತ್ಯ ಇನ್ನೂ ಉಳಿದಿದೆ.

ಇವೆಲ್ಲವುಗಳ ನಡುವೆ ಬೆಲ್ 47ರದ್ದೇ ಬೇರೆ ದಾರಿ. 1946ರ ಮಾರ್ಚ್ 8ರಂದು ಅಮೆರಿಕದಲ್ಲಿ ನಾಗರಿಕ ಬಳಕೆಗೆ ಅನುಮತಿ ಪಡೆದ ಈ ಮೊದಲ ಹೆಲಿಕಾಪ್ಟರನ್ನು ಕೊರಿಯಾ ಯುದ್ಧದಲ್ಲಿ ಗಾಯಾಳುಗಳನ್ನು ಸಾಗಿಸಲು ಬಳಸಿದರು. 1972ರಿಂದ 1983ರವರೆಗೆ ನಡೆದ ‘ಮ್ಯಾಶ್’ ಧಾರಾವಾಹಿಯ ಆರಂಭದ ದೃಶ್ಯ ಅದನ್ನು ಮನೆಮನೆಗೂ ಪರಿಚಯಿಸಿತು. ಆರ್ಥರ್ ಯಂಗ್ ರೂಪಿಸಿದ ಈ ಗಾಜುಗುಳ್ಳೆಯಂಥ ಹೆಲಿಕಾಪ್ಟರಿನ ಒಂದು ಪ್ರತಿ 1984ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಪಾಲಾಯಿತು. ಅದರ ವಿನ್ಯಾಸದ ಹಕ್ಕು ಬೇರೊಂದು ಕಂಪನಿಗೆ ವರ್ಗವಾಗಿ ಬಿಡಿಭಾಗಗಳ ತಯಾರಿಕೆ ಮುಂದುವರಿದ ಕಾರಣ ಹಳೆಯ ಬೆಲ್ 47ಗಳು ಇಂದಿಗೂ ಹಾರುತ್ತಿವೆ. ಇಂಥದೊಂದನ್ನು ದುರಸ್ತಿಗೆ ತಂದವರು, ಇದು ಹಿಂದೆ ಕ್ಯಾಮೆರಾದ ಮುಂದೆ ಹಾರಿತ್ತೇ ಎಂದು ತಿಳಿಯಬೇಕಾದರೆ, ತಯಾರಕರು ಹೊಡೆದ ಸಂಖ್ಯಾಫಲಕವನ್ನು ಓದಿ, ಹಳೆಯ ಕಡತಗಳಲ್ಲಿ ಅದರ ನೋಂದಣಿಯನ್ನು ಹುಡುಕಿ, ತೆರೆಯ ಮೇಲೆ ಕಂಡ ಸಂಖ್ಯೆಯೊಂದಿಗೆ ತಾಳೆ ನೋಡಬೇಕು. ಆ ಹೊತ್ತಿಗೆ ಬ್ಲೇಡು, ಎಂಜಿನ್, ಗಾಜುಗುಳ್ಳೆ ಎಲ್ಲವೂ ಹಲವು ಬಾರಿ ಬದಲಾಗಿರುತ್ತವೆ. ಅಂದಿನಿಂದ ಉಳಿದು ಬಂದಿರುವುದು ಬಾಲದ ಉಕ್ಕಿನ ಕೊಳವೆಗಳ ಚೌಕಟ್ಟು ಮತ್ತು ಆ ಪುಟ್ಟ ಫಲಕ ಮಾತ್ರವಾಗಿರಬಹುದು.