ಮಿಶ್ರ ಮಾಧ್ಯಮ: ತೆಗೆದದ್ದರ ಮೇಲೆ ಬರೆದದ್ದು

ಬಂಗಾರಪೇಟೆಯ ನಮ್ಮ ಮನೆಯಲ್ಲಿ ಅಜ್ಜ ಅಜ್ಜಿಯ ಕಟ್ಟು ಹಾಕಿಸಿದ ಫೋಟೋ ಒಂದಿದೆ. ಅದರಲ್ಲಿ ಇಬ್ಬರೂ ಪಕ್ಕಪಕ್ಕ ನಿಂತಿದ್ದಾರೆ. ಆದರೆ ಅವರು ಯಾವತ್ತೂ ಹಾಗೆ ಒಟ್ಟಿಗೆ ನಿಂತು ಫೋಟೋ ತೆಗೆಸಿಕೊಂಡವರಲ್ಲ. ಅಜ್ಜ ದಿನಾ ರೈಲು ಹತ್ತಿ ಕೆ.ಜಿ.ಎಫ್. ಗಣಿಗೆ ಹೋಗುತ್ತಿದ್ದರು. ಅವರ ಮುಖ ಸಿಕ್ಕಿದ್ದು ಕೆಲಸದ ಗುರುತಿನ ಚೀಟಿಯಲ್ಲಿ. ಅಜ್ಜಿಯದು ಯಾರದೋ ಮದುವೆಯ ಗುಂಪು ಫೋಟೋದಲ್ಲಿ. ಅಜ್ಜ ತೀರಿಕೊಂಡ ಮೇಲೆ ಸ್ಟುಡಿಯೋದವರು ಎರಡನ್ನೂ ಕತ್ತರಿಸಿ ಸೇರಿಸಿದರು. ಅದನ್ನೇ ಮತ್ತೆ ಫೋಟೋ ತೆಗೆದು ದೊಡ್ಡದು ಮಾಡಿದರು. ಆಮೇಲೆ ಬ್ರಷ್ ಹಿಡಿದರು. ಅಜ್ಜನ ಮೈಗೆ ಕೋಟು ಬಂತು. ಅಜ್ಜಿಯ ಸೀರೆ ಹಸಿರಾಯಿತು, ಅಂಚು ಕೆಂಪಾಯಿತು, ಹಣೆಗೆ ಕುಂಕುಮ ಬಂತು. ಕೊರಳಿಗೆ ಎರಡೆಳೆ ಚಿನ್ನದ ಸರ. ಅಂಥ ಸರ ಅಜ್ಜಿಗೆ ಇರಲೇ ಇಲ್ಲ.

ಕಲಾ ಪ್ರದರ್ಶನಗಳಲ್ಲಿ ಚಿತ್ರದ ಪಕ್ಕ ಒಂದು ಪುಟ್ಟ ಚೀಟಿ ಅಂಟಿಸಿರುತ್ತಾರೆ. ಜಲವರ್ಣ, ಕ್ಯಾನ್ವಾಸ್ ಮೇಲೆ ತೈಲವರ್ಣ, ಹೀಗೆ. ಕೆಲವು ಚೀಟಿಗಳಲ್ಲಿ ‘ಮಿಶ್ರ ಮಾಧ್ಯಮ’ ಎಂದಿರುತ್ತದೆ. ಇಂಗ್ಲಿಷಿನ ಮಿಕ್ಸೆಡ್ ಮೀಡಿಯಾ ಎಂಬುದಕ್ಕೆ ಕನ್ನಡದ ಮಾತು ಇದು. ಇಲ್ಲಿ ಮಾಧ್ಯಮ ಅಂದರೆ ಪತ್ರಿಕೆ, ಟಿ.ವಿ. ಅಲ್ಲ. ಕಲಾವಿದರು ಯಾವುದರಿಂದ ಕೆಲಸ ಮಾಡಿದರೋ ಅದು: ಬಣ್ಣ, ಬಟ್ಟೆ, ಕಾಗದ, ದಾರ, ಫೋಟೋ. ಒಂದೇ ಕೃತಿಯಲ್ಲಿ ಇವು ಒಂದಕ್ಕಿಂತ ಜಾಸ್ತಿ ಬೆರೆತರೆ ಅದು ಮಿಶ್ರ ಮಾಧ್ಯಮ. ನಮ್ಮ ಮನೆಯ ಗೋಡೆಯ ಮೇಲಿರುವುದೂ ಅದೇ ಅಂತ ನನಗೆ ಬಹಳ ತಡವಾಗಿ ಹೊಳೆಯಿತು.

ಕನ್ನಡದಲ್ಲಿ ನಾವು ಚಿತ್ರ ‘ಬರೆಯುತ್ತೇವೆ’. ಕಾಗದ ಬರೆದ ಹಾಗೆ, ಕಥೆ ಬರೆದ ಹಾಗೆ. ಫೋಟೋವನ್ನು ಮಾತ್ರ ‘ತೆಗೆಯುತ್ತೇವೆ’. ಬಾವಿಯಿಂದ ನೀರು ತೆಗೆದ ಹಾಗೆ, ಇದ್ದದ್ದನ್ನು ಇದ್ದಲ್ಲಿಂದ ತೆಗೆಯುವುದು. ಈ ಎರಡು ಕ್ರಿಯಾಪದಗಳನ್ನು ಇಟ್ಟುಕೊಂಡರೆ ಮಿಶ್ರ ಮಾಧ್ಯಮದ ಅರ್ಥ ಸಲೀಸಾಗಿ ತಿಳಿಯುತ್ತದೆ. ಅಜ್ಜಿಯ ಮುಖ ತೆಗೆದದ್ದು. ಸರ ಬರೆದದ್ದು. ಮುಖ ಬರೀ ಇದ್ದದ್ದನ್ನು ಹೇಳುತ್ತದೆ. ಸರ, ಇರಬೇಕಿತ್ತು ಅಂತ ಮನೆಯವರು ಅಂದುಕೊಂಡದ್ದನ್ನು ಹೇಳುತ್ತದೆ.

ಬಣ್ಣ ಹಚ್ಚುವ ಈ ಕೆಲಸ ಸುಲಭದ್ದಲ್ಲ. ಮೊದಲು ನೆಗೆಟಿವ್ ಮೇಲೇ ಚೂಪು ಪೆನ್ಸಿಲ್ಲಿನಿಂದ ತಿದ್ದುತ್ತಿದ್ದರು. ನೆಗೆಟಿವ್‌ನಲ್ಲಿ ಕಪ್ಪು ಮಾಡಿದ್ದು ಪ್ರಿಂಟಿನಲ್ಲಿ ಬೆಳ್ಳಗಾಗುತ್ತದೆ. ಹಾಗಾಗಿ ಮುಖದ ಸುಕ್ಕು, ಕಲೆ ಮಾಯವಾಗುತ್ತಿದ್ದವು. ಹೊಳಪಿನ ಪೇಪರ್ ಮೇಲೆ ಬಣ್ಣ ಸರಿಯಾಗಿ ಕೂರುವುದಿಲ್ಲ. ಅದಕ್ಕೆ ಮ್ಯಾಟ್ ಪೇಪರ್ ಬೇಕು. ಕೆನ್ನೆಯಂಥ ಕಡೆ ತೆಳು ಬಣ್ಣವನ್ನು ಹತ್ತಿಯಿಂದ ಸವರುತ್ತಿದ್ದರು, ಕೆಳಗಿನ ನೆರಳು ಕಾಣುತ್ತಲೇ ಇರಲಿ ಅಂತ. ಸರ, ಓಲೆ, ಜರಿ ಅಂಚಿಗೆ ಮಾತ್ರ ದಪ್ಪ ಬಣ್ಣ. ಎಲ್ಲಿ ಫೋಟೋ ಉಳಿಯಬೇಕು, ಎಲ್ಲಿ ಮುಚ್ಚಿಹೋಗಬೇಕು ಎಂದು ತೀರ್ಮಾನಿಸುವುದೇ ಅವರ ಕಲೆ. ಅವರನ್ನು ಕಲಾವಿದರು ಅಂತ ನಾವು ಕರೆಯಲಿಲ್ಲ. ನನಗೆ ಅದು ಇವತ್ತಿಗೂ ಬೇಸರ.

ಬೆರೆಸುವ ಆಸೆ ಹೊಸದೇನೂ ಅಲ್ಲ. ಫೋಟೋ ತೆಗೆಯುವ ವಿಧಾನ ಜಗತ್ತಿಗೆ ಗೊತ್ತಾಗಿದ್ದು 1839ರಲ್ಲಿ. 1857ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಛಾಯಾಗ್ರಾಹಕ ಆಸ್ಕರ್ ರೈಲಾಂಡರ್ 30ಕ್ಕೂ ಹೆಚ್ಚು ನೆಗೆಟಿವ್ ಜೋಡಿಸಿ ಒಂದೇ ದೊಡ್ಡ ಚಿತ್ರ ಮಾಡಿದ್ದರು. ರಾಜಸ್ಥಾನದ ನಾಥದ್ವಾರದಲ್ಲಿ ‘ಮನೋರಥ’ ಎಂಬ ಚಿತ್ರಗಳಿವೆ. ಅಲ್ಲಿನ ಕೃಷ್ಣ ಶ್ರೀನಾಥಜಿಯ ಮುಂದೆ ಕೈಮುಗಿದು ನಿಂತ ಭಕ್ತರ ಮುಖ ಮಾತ್ರ ಫೋಟೋದಿಂದ ಕತ್ತರಿಸಿ ಅಂಟಿಸಿದ್ದು. ಮೈ, ಬಟ್ಟೆ, ಗುಡಿ, ದೇವರು ಎಲ್ಲ ಬರೆದದ್ದು. ಭಕ್ತ ಅಲ್ಲಿ ನಿಂತಿದ್ದಕ್ಕೆ ಮುಖವೇ ಸಾಕ್ಷಿ.

ಇದರ ಜೊತೆ ಕೇಳಿಬರುವ ಇನ್ನೆರಡು ಪದಗಳಿವೆ. ಕೊಲಾಜ್ ಎಂಬುದು ‘ಅಂಟಿಸು’ ಎಂಬ ಫ್ರೆಂಚ್ ಕ್ರಿಯಾಪದದಿಂದ ಬಂದದ್ದು. ಏನನ್ನು ಅಂಟಿಸಿದರೂ ಕೊಲಾಜೇ. ಫೋಟೋಗಳನ್ನೇ ಕತ್ತರಿಸಿ ಜೋಡಿಸಿದರೆ ಫೋಟೋಮಾಂಟಾಜ್. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಬರ್ಲಿನ್ನಿನಲ್ಲಿ ಕಲಾವಿದೆ ಹಾನಾ ಹೋಖ್ ಮತ್ತು ಗೆಳೆಯರು ಪತ್ರಿಕೆಗಳ ಫೋಟೋ ಕತ್ತರಿಸಿ ಇದನ್ನು ಮಾಡಿದರು.

ಬೆರಕೆ ಕ್ಯಾಮೆರಾದ ಮುಂದೆಯೂ ಆಗಬಹುದು. ನಮ್ಮ ಬೆಂಗಳೂರಿನ ಎನ್. ಪುಷ್ಪಮಾಲಾ ಕಲಿತದ್ದು ಶಿಲ್ಪಕಲೆ. 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಒಂದು ಸರಣಿ ಮಾಡಿದರು. ರವಿವರ್ಮನ ಲಕ್ಷ್ಮಿಯ ಹಾಗೆ ಸ್ವತಃ ಅಲಂಕರಿಸಿಕೊಂಡು, ಬರೆದ ಪರದೆಯ ಮುಂದೆ ನಿಂತರು. ಚಿತ್ರಕಲೆ, ನಾಟಕ, ಫೋಟೋ ಮೂರೂ ಅಲ್ಲಿ ಒಂದಾದವು. ನೋಡಿದರೆ ಗುಬ್ಬಿ ಕಂಪನಿಯಂಥ ನಾಟಕಗಳ ಪರದೆ ನೆನಪಾಗುತ್ತದೆ, ಅಲ್ವಾ?

ಫೋಟೋ ಮೇಲೆ ಸುಮ್ನೆ ಹೂಬಳ್ಳಿ ಬರೆದರೆ ಅದು ಅಲಂಕಾರವಷ್ಟೇ. ನಾನು ನೋಡುವುದು ಒಂದೇ: ಬರೆದದ್ದನ್ನು ತೆಗೆದುಹಾಕಿದರೆ ಕಥೆ ಮುರಿಯುತ್ತದಾ? ಕೋಲಾರದ ಯಾವುದಾದರೂ ಕೆರೆಯನ್ನು ನೆನೆಸಿಕೊಳ್ಳಿ. ಬೆಂಗಳೂರಿನ ಶುದ್ಧೀಕರಿಸಿದ ನೀರು 2018ರಿಂದ ಇಲ್ಲಿನ ಕೆರೆಗಳಿಗೆ ಬರುತ್ತಿದೆ. ಇವತ್ತು ಫೋಟೋ ತೆಗೆದರೆ ತುಂಬಿದ ಕೆರೆ ಕಾಣಬಹುದು. ಅದನ್ನು ಪ್ರಿಂಟ್ ಹಾಕಿಸಿ ಊರಿನ ಹಿರಿಯರೊಬ್ಬರ ಕೈಗೆ ಪೆನ್ಸಿಲ್ ಕೊಡಿ. ಹಿಂದೆ ಮಳೆ ನೀರು ಎಲ್ಲಿವರೆಗೆ ನಿಲ್ಲುತ್ತಿತ್ತು, ತೂಬು ಎಲ್ಲಿತ್ತು, ಬೇಸಿಗೆಯಲ್ಲಿ ಎಲ್ಲಿ ಕ್ರಿಕೆಟ್ ಆಡಿದರು ಅಂತ ಅವರೇ ಗೆರೆ ಎಳೆಯಲಿ. ನಡುಗುವ ಗೆರೆಯಾದರೂ ಪರವಾಗಿಲ್ಲ. ಕ್ಯಾಮೆರಾಗೆ ಇವತ್ತಿನ ನೀರು ಮಾತ್ರ ಗೊತ್ತು. ಉಳಿದದ್ದು ಆ ಗೆರೆಗೇ ಗೊತ್ತು.

ಪತ್ರಿಕೆಯ ಸುದ್ದಿ ಫೋಟೋಗೆ ಇದು ಸಲ್ಲದು. ಅಲ್ಲಿ ಸರ ಬರೆದರೆ ಅದು ಸುಳ್ಳು. ಮಿಶ್ರ ಮಾಧ್ಯಮದಲ್ಲಿ ಬರೆದ ಕೈ ಎದ್ದು ಕಾಣುತ್ತದೆ, ಕಾಣಲೂಬೇಕು.

ಕೆಲವು ವರ್ಷಗಳ ಹಿಂದೆ ನಮ್ಮ ಫೋಟೋದ ಕಟ್ಟು ಸಡಿಲವಾಗಿ, ಹೊಸದು ಹಾಕಿಸಲು ಒಂದು ಅಂಗಡಿಗೆ ಕೊಟ್ಟೆವು. ಅಲ್ಲಿ ಧೂಳು ಅಂತ ಒದ್ದೆ ಬಟ್ಟೆಯಲ್ಲಿ ಒರೆಸಿಬಿಟ್ಟರು. ಜಲವರ್ಣ ನೀರಿಗೆ ಕರಗುತ್ತದೆ. ಮನೆಗೆ ತಂದಾಗ ಅಜ್ಜಿ ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಅಜ್ಜನ ಮುಖ ಹಾಗೇ ಇತ್ತು, ಅವರ ಮುಖವೂ ಹಾಗೇ ಇತ್ತು. ‘ನನ್ನ ಸರ ಎಲ್ಲೋಯ್ತು?’ ಅಂತ ಕೇಳಿದರು.